ಸನ್ನೆ

ಕಳೆದ ವರ್ಷದ ನವೆಂಬರಿನಲ್ಲಿ ನಾವು ಮೂರು ದಿನ ಸಾಂದರ್ಭಿಕ ರಜೆ ಹಾಕಿದೆವು. ಕಾರಣದ ಜಾಗದಲ್ಲಿ ‘ಮನೆಯ ಕೆಲಸ’ ಎಂದು ಬರೆದದ್ದಾಯಿತು. ಕುರ್ಲಾದ ಒಂದು ಗಾಳಾದೊಳಗಿಂದ ಸುಮಾರು 900 ಕಿಲೋ ತೂಗುವ ಲೇತ್ ಯಂತ್ರವನ್ನು ಒಬ್ಬರೇ ನಿಂತು 60 ಅಡಿ ದೂರದ ಗೇಟಿನವರೆಗೆ ಸರಿಸುವುದಿದೆ ಎಂದು ನಿಜವನ್ನೇ ಬರೆದಿದ್ದರೆ ಮೇಲಧಿಕಾರಿಗಳು ರಜೆಯ ಬದಲು ವೈದ್ಯಕೀಯ ಪ್ರಮಾಣಪತ್ರ ಕೇಳುತ್ತಿದ್ದರೇನೋ. ಮನೆಯಲ್ಲಿಯೂ ಈ ಸುದ್ದಿಗೆ ಸಿಕ್ಕಿದ ಸ್ವಾಗತ ಬೇರೆ ಬಗೆಯದಾಗಿರಲಿಲ್ಲ. “ಗ್ಯಾಸ್ ಸಿಲಿಂಡರ್ ಸರಿಸಿದರೆ ನಾಲ್ಕು ದಿನ ಸೊಂಟ ಹಿಡಿದುಕೊಂಡು ಓಡಾಡುವವರು ನೀವು. ಲೇತ್ ಎತ್ತುತ್ತೀರಂತೆ ಲೇತ್!” ಎಂದು ಮನೆಯವರು ಅಂದರು. ಎತ್ತುವುದಿಲ್ಲ, ಸರಿಸುವುದು ಎಂದು ನಾವು ತಿದ್ದಿದೆವು. ಆ ತಿದ್ದುಪಡಿಯಲ್ಲಿ ಎಷ್ಟು ಅರ್ಥವಿದೆಯೆಂಬುದು ಆಗ ನಮಗೂ ಪೂರ್ತಿ ತಿಳಿದಿರಲಿಲ್ಲ.

ಬರೆಯುವಾಗ ‘ನಾವು’ ಎನ್ನುವುದು ನಮ್ಮ ಚಾಳಿ. ‘ಪರಿಶೀಲಿಸಲಾಗಿದೆ’, ‘ಆದೇಶಿಸಲಾಗಿದೆ’ ಎಂಬಂಥ ಕರ್ತೃವಿಲ್ಲದ ವಾಕ್ಯಗಳ ನಡುವೆ ಇಪ್ಪತ್ತು ವರ್ಷ ಕಳೆದ ಕೇಂದ್ರ ಸರಕಾರದ ನೌಕರನಿಗೆ ಏಕವಚನ ಸುಲಭವಾಗಿ ಒದಗುವುದಿಲ್ಲ. ಆದರೆ ಆ ಮೂರು ದಿನ ಆ ತಗಡಿನ ಸೂರಿನ ಕೆಳಗೆ ಇದ್ದದ್ದು ಒಬ್ಬರೇ. ಏಕೆ ಒಬ್ಬರೇ ಎಂಬುದನ್ನು ಹೇಳುವುದಕ್ಕಾಗಿಯೇ ಈ ಬರಹ.

ಹೊರನಾಡಿನ ಕನ್ನಡಿಗರಾದ ನಮ್ಮಲ್ಲಿ ಹಲವರಿಗೆ ಕುರ್ಲಾ ಎಂದರೆ ಊರಿನ ರೈಲು ಹೊರಡುವ ಲೋಕಮಾನ್ಯ ತಿಲಕ್ ಟರ್ಮಿನಸ್ ಅಷ್ಟೆ. ಅಲ್ಲಿ ಇಳಿದು ರಿಕ್ಷಾದವನೊಡನೆ ಜಗಳವಾಡಿ ಹೊರಟುಹೋಗುವವರಿಗೆ ಹಳಿಯ ಆಚೆಯ ಊರು ಕಾಣಿಸದು. 1886ರಲ್ಲಿ ಜಮ್‌ಶೇಟ್‌ಜಿ ಟಾಟಾ ಅವರು ಸೋತು ಸುಣ್ಣವಾಗಿದ್ದ ಧರಮ್‌ಸೀ ಗಿರಣಿಯನ್ನು ಕೊಂಡು ಸ್ವದೇಶಿ ಮಿಲ್ ಎಂದು ಹೊಸ ಹೆಸರಿಟ್ಟು ನಡೆಸಿದ್ದು ಇಲ್ಲಿಯೇ. ಮುಂಬಯಿಯ ಕಪ್ಪು ಹಳದಿ ಟ್ಯಾಕ್ಸಿಯೆಂದೇ ಹೆಸರಾದ ಪ್ರೀಮಿಯರ್ ಪದ್ಮಿನಿ ಕಾರು ತಯಾರಾಗುತ್ತಿದ್ದುದೂ ಕುರ್ಲಾದಲ್ಲಿಯೇ. ಆ ಟ್ಯಾಕ್ಸಿಗಳಲ್ಲಿ ಕೊನೆಯದು 2023ರ ಅಕ್ಟೋಬರಿನಲ್ಲಿ ರಸ್ತೆಯಿಂದ ಇಳಿಯಿತು. ಗಿರಣಿ ಮುಚ್ಚಿತು, ಕಾರಿನ ಕಾರ್ಖಾನೆ ಹೋಯಿತು, ಲಾಲ್ ಬಹಾದೂರ್ ಶಾಸ್ತ್ರಿ ಮಾರ್ಗದ ಉದ್ದಕ್ಕೂ ಮಾಲು, ಕಚೇರಿ, ವಸತಿ ಗೋಪುರಗಳು ಎದ್ದವು. ದೊಡ್ಡ ಕಾರ್ಖಾನೆಗಳು ಹೋದ ಮೇಲೂ ಅವುಗಳ ಕೆಲಸ ಬಲ್ಲ ಕೈಗಳು ಉಳಿದವು. ಆ ಕೈಗಳು ಹತ್ತಡಿ ಅಗಲ, ಇಪ್ಪತ್ತಡಿ ಉದ್ದದ ಗಾಳಾಗಳಲ್ಲಿ ಒಂದೊಂದು ಯಂತ್ರ ಇಟ್ಟುಕೊಂಡು ಕೂತವು. ಟರ್ನಿಂಗ್, ಬಫಿಂಗ್, ಪ್ರೆಸ್ಸು, ವೆಲ್ಡಿಂಗು ಎಂದು ಓಣಿಗೊಂದು ಸದ್ದು.

ನಮ್ಮ ತಂದೆಯವರು ಅಂಥವರಲ್ಲಿ ಒಬ್ಬರು. ಹರಿಹರದ ಕಡೆಯ ಹಳ್ಳಿಯವರು. ಎಪ್ಪತ್ತರ ದಶಕದಲ್ಲಿ ಮುಂಬಯಿಗೆ ಬಂದು ಕುರ್ಲಾದ ಒಂದು ಕಾರ್ಖಾನೆಯಲ್ಲಿ ಟರ್ನರ್ ಆಗಿ ಸೇರಿದವರು. ಇಪ್ಪತ್ತು ವರ್ಷದ ಮೇಲೆ ಅದು ಬೀಗ ಹಾಕಿಕೊಂಡಾಗ ಕೈಗೆ ಬಂದ ಅಲ್ಪಸ್ವಲ್ಪ ಹಣವನ್ನೆಲ್ಲ ಸುರಿದು ಗುಜರಿಯಲ್ಲಿ ನಿಂತಿದ್ದ ಲೇತ್ ಒಂದನ್ನು ಕೊಂಡು ತಂದರು. ಊರಿಗೆ ಮರಳೋಣವೆಂದಿದ್ದ ತಾಯಿಯವರಿಗೆ ಇದರಿಂದ ಆದ ದುಃಖ ಅಷ್ಟಿಷ್ಟಲ್ಲ. ತಂದೆಯವರು ಮಾತ್ರ ಯಂತ್ರದ ಮೈಮೇಲಿನ ಗ್ರೀಸನ್ನು ಸೀಮೆಎಣ್ಣೆಯಲ್ಲಿ ತೊಳೆದು, ಬಣ್ಣದಡಿ ಮುಚ್ಚಿಹೋಗಿದ್ದ ಅಕ್ಷರಗಳನ್ನು ನಮಗೆ ತೋರಿಸಿದರು: ಮೈಸೂರು ಕಿರ್ಲೋಸ್ಕರ್, ಹರಿಹರ. “ನೋಡು, ನಮ್ಮೂರಿನವನು ಸಿಕ್ಕ” ಎಂದರು. ಅಂದಿನಿಂದ ಆ ಯಂತ್ರದ ಹೆಸರು ಹರಿಹರ ಎಂದಾಯಿತು.

ಈ ಹೆಸರಿನ ಹಿಂದೆ ಒಂದು ದೊಡ್ಡ ಕಥೆಯೇ ಇದೆ. ಬೆಳಗಾವಿ ಸೀಮೆಯ ಗುರ್ಲಹೊಸೂರಿನಲ್ಲಿ 1869ರಲ್ಲಿ ಹುಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರರು ಚಿತ್ರಕಲೆ ಕಲಿಯಲು ಮುಂಬಯಿಯ ಜೆ.ಜೆ. ಕಲಾಶಾಲೆಗೆ ಬಂದವರು. ಇಲ್ಲಿಯ ವಿಕ್ಟೋರಿಯಾ ಜೂಬಿಲಿ ತಾಂತ್ರಿಕ ಸಂಸ್ಥೆಯಲ್ಲಿ ಪಾಠ ಹೇಳಿ, ಬೆಳಗಾವಿಗೆ ಮರಳಿ ಸೈಕಲ್ ಅಂಗಡಿ ನಡೆಸಿ, ಮೇವು ಕತ್ತರಿಸುವ ಯಂತ್ರ, ಕಬ್ಬಿಣದ ನೇಗಿಲು ಎಂದು ಒಂದೊಂದಾಗಿ ತಯಾರಿಸಿ, ಬೆಳಗಾವಿಯಲ್ಲಿ ಜಾಗ ಕಳೆದುಕೊಂಡು 1910ರಲ್ಲಿ ಕುಂಡಲದ ಬಯಲಿನಲ್ಲಿ ಕಿರ್ಲೋಸ್ಕರವಾಡಿಯನ್ನು ಕಟ್ಟಿದರು. ಆ ಮನೆತನದ ಉದ್ದಿಮೆ 1941ರಲ್ಲಿ ತುಂಗಭದ್ರೆಯ ದಂಡೆಯ ಹರಿಹರಕ್ಕೆ ಬಂದು ಲೇತ್‌ಗಳನ್ನು ತಯಾರಿಸತೊಡಗಿತು. ಬೆಂಗಳೂರಿನ ಎಚ್.ಎಂ.ಟಿ. ಹುಟ್ಟಿದ್ದು ಅದಕ್ಕೆ ಹನ್ನೆರಡು ವರ್ಷಗಳ ನಂತರ, 1953ರಲ್ಲಿ. ಮುಂಬಯಿ, ಪುಣೆ, ಕೊಯಮತ್ತೂರು, ಲೂಧಿಯಾನಗಳ ಸಣ್ಣ ಕಾರ್ಖಾನೆಗಳಲ್ಲಿ ಹರಿಹರದ ಹೆಸರು ಹೊತ್ತ ಯಂತ್ರಗಳು ಇಂದಿಗೂ ತಿರುಗುತ್ತಿವೆ, ಅವನ್ನು ಹೆತ್ತ ಕಾರ್ಖಾನೆ ಮಾತ್ರ ಇಲ್ಲ. ಹೊರನಾಡ ಕನ್ನಡಿಗರೆಂದು ನಾವು ನಮ್ಮನ್ನಷ್ಟೇ ಎಣಿಸಿಕೊಳ್ಳುತ್ತೇವೆ. ಎರಕದ ಕಬ್ಬಿಣದ ಈ ಹೊರನಾಡಿಗರನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ.

ತಂದೆಯವರು ನಮ್ಮನ್ನು ಆ ಯಂತ್ರದ ಹತ್ತಿರ ಬಿಟ್ಟುಕೊಂಡವರಲ್ಲ. “ಓದು” ಎನ್ನುವುದೊಂದೇ ಅವರ ಆಜ್ಞೆ. ನಾವು ಕುರ್ಲಾ ನಿಲ್ದಾಣದಲ್ಲಿ ಇಳಿದು, ಹಳೆಯ ಮೋಟಾರಿನ ಬಿಡಿಭಾಗಗಳನ್ನು ರಾಶಿ ಹಾಕಿಕೊಂಡ ಅಂಗಡಿಗಳ ಸಾಲನ್ನು ದಾಟಿ, ಕಲೀನಾದ ವಿದ್ಯಾನಗರಿಗೆ ನಡೆದು ಹೋಗಿ ಇಂಗ್ಲಿಷ್ ಎಂ.ಎ. ಓದಿದೆವು. ಸಂಜೆ ಮರಳುವಾಗ ಗಾಳಾಕ್ಕೆ ಹೋಗಿ ಡಬ್ಬಿ ತೆಗೆದುಕೊಂಡು ಬರುವುದಷ್ಟೇ ನಮ್ಮ ಪಾಲಿನ ಕೆಲಸ. ಷೇಕ್ಸ್‌ಪಿಯರನ ಪಾಠ ಮುಗಿಸಿ ಬಂದವರ ಎದುರಿಗೆ ತಂದೆಯವರು ಉಕ್ಕಿನ ಸರಳಿನ ಮೇಲೆ ಮರೆ ಕೊರೆಯುತ್ತ ನಿಂತಿರುತ್ತಿದ್ದರು. ನೀಲಿಗಟ್ಟಿದ ಸುರುಳಿ ಚೂರುಗಳು ಅವರ ಕಾಲ ಬಳಿ ಬೀಳುತ್ತಿದ್ದವು.

2005ರ ಜುಲೈ 26 ಬಂತು. ಆ ದಿನ ಸಾಂತಾಕ್ರೂಜ್‌ನಲ್ಲಿ 24 ಗಂಟೆಗಳಲ್ಲಿ 944 ಮಿಲಿಮೀಟರ್ ಮಳೆ ಸುರಿದದ್ದು, ಮೀಠಿ ನದಿ ಉಕ್ಕಿದ್ದು, ಕುರ್ಲಾ ಮುಳುಗಿದ್ದು ಮುಂಬಯಿಯವರಿಗೆ ಹೇಳಬೇಕಾದ ಸಂಗತಿಯಲ್ಲ. ನೀರು ಇಳಿದ ಮೇಲೆ ಗಾಳಾದ ಬಾಗಿಲು ತೆಗೆದಾಗ ಹರಿಹರನ ಬೆಡ್ಡಿನ ಮೇಲೆ ಕೆಸರು ಹೆಪ್ಪುಗಟ್ಟಿತ್ತು. ತಂದೆಯವರು ಎರಡು ವಾರ ಒಂದೊಂದೇ ಭಾಗವನ್ನು ಬಿಚ್ಚಿ ಒರೆಸಿ ಎಣ್ಣೆ ಹಚ್ಚಿದರು. ಮತ್ತೆ ಹೀಗಾಗಬಾರದೆಂದು 9 ಅಂಗುಲದ ಕಾಂಕ್ರೀಟಿನ ಕಟ್ಟೆ ಕಟ್ಟಿಸಿ ಅದರ ಮೇಲೆ ಯಂತ್ರವನ್ನು ಏರಿಸುವುದೆಂದಾಯಿತು.

ಮಹಾರಾಷ್ಟ್ರದಲ್ಲಿ ಹೊರೆ ಹೊರುವವರಿಗಾಗಿಯೇ 1969ರಲ್ಲಿ ಆದ ಕಾನೂನು ಇದೆ. ಮಾಥಾಡಿ ಎಂಬ ಹೆಸರೇ ತಲೆಯ ಮೇಲೆ ಹೊರುವವರು ಎಂಬುದರಿಂದ ಬಂದದ್ದು. ಮಂಡಳಿಯಲ್ಲಿ ಹೆಸರು ನೋಂದಾಯಿಸಿದವರಿಗೆ ಕೂಲಿಯ ಲೆಕ್ಕವಿದೆ, ಭವಿಷ್ಯನಿಧಿಯಿದೆ. ಆದರೆ ಸಣ್ಣ ಗಾಳಾದವರು ಅಷ್ಟು ದೂರ ಹೋಗುವವರಲ್ಲ. ನಾಕಾದಲ್ಲಿ ಬೆಳಗ್ಗೆ ನಿಂತಿರುವವರನ್ನು ಕರೆತರುತ್ತಾರೆ. ಹಾಗೆ ನಾಲ್ವರು ಬಂದರು. ತಂದೆಯವರ ಬಳಿ ಕೆಲಸ ಕಲಿಯಲು ಸೇರಿದ್ದ ಹದಿನೇಳರ ಹುಡುಗ ಐದನೆಯವನು. ನೌಕರಿ ಸಿಕ್ಕಿದ ಹೊಸದರಲ್ಲಿ ಭಾನುವಾರದ ಬಿಡುವಿನಲ್ಲಿದ್ದ ನಾವು ಆರನೆಯವರು.

ಎರಡು ಹಾರೆಗಳನ್ನು ಯಂತ್ರದ ಕಾಲಿನ ಕೆಳಗೆ ತೂರಿಸಿ ನಾಲ್ವರೂ ಅದುಮುವುದು, ಯಂತ್ರ ಎದ್ದಷ್ಟು ಸಂದಿಗೆ ಹುಡುಗ ಮರದ ತುಂಡು ಕೊಡುವುದು, ಹಾರೆ ಬಿಡುವುದು, ಮತ್ತೆ ಅದುಮುವುದು. ಎಲ್ಲರೂ ಒಟ್ಟಿಗೆ ಅದುಮಬೇಕು, ಒಟ್ಟಿಗೆ ಬಿಡಬೇಕು. ಅದಕ್ಕೆ ಒಬ್ಬರು ಎಣಿಸಬೇಕು. ಭಾರ ಹಿಡಿಯಲು ಬಾರದ ನಮಗೆ ಆ ಕೆಲಸ ಬಂತು. ಏಕ್, ದೋ, ತೀನ್ ಎಂದು ನಾವು ಕೂಗಿದಾಗಲೆಲ್ಲ ಯಂತ್ರ ಏಳುತ್ತಿತ್ತು. ಒಂದು ಬಗೆಯ ಉತ್ಸಾಹವೇ ಬಂದಿತ್ತು ಎಂದು ಈಗ ಒಪ್ಪಿಕೊಳ್ಳಬೇಕು. ಏಳನೆಯ ಸಲವೋ ಎಂಟನೆಯ ಸಲವೋ ಮರದ ತುಂಡು ಒಳಗೆ ಹೋದದ್ದು ನಮ್ಮ ಕಡೆಯಿಂದ ಕಾಣಿಸಿತು. “ಛೋಡೋ” ಎಂದೆವು. ಆಚೆ ಕಡೆಯಲ್ಲಿ, ನಮ್ಮ ಕಣ್ಣಿಗೆ ಬೀಳದ ಜಾಗದಲ್ಲಿ, ಹುಡುಗ ಆ ತುಂಡನ್ನು ನೇರ ಮಾಡುತ್ತಿದ್ದ.

ಎಡಗೈಯ ಎರಡು ಬೆರಳುಗಳ ತುದಿ ಹೋಯಿತು.

ಕಡತದಲ್ಲಿಯಾದರೆ ‘ಹಾರೆಯನ್ನು ಬಿಡಲು ಸೂಚಿಸಲಾಯಿತು’ ಎಂದು ಬರೆಯಬಹುದು. ಯಾರು ಸೂಚಿಸಿದರೆಂದು ವಾಕ್ಯ ಕೇಳುವುದಿಲ್ಲ. ಸೂಚಿಸಿದವರು ನಾವು. ತಂದೆಯವರು ಆ ಮಾತನ್ನು ಬದುಕಿರುವವರೆಗೆ ಎತ್ತಲಿಲ್ಲ. ಆಸ್ಪತ್ರೆಯ ಖರ್ಚು ಕೊಟ್ಟರು. ಹುಡುಗನನ್ನು ಉಳಿಸಿಕೊಂಡು, ಎಂಟು ಬೆರಳಿನ ಕೈಗಳಿಗೆ ತಕ್ಕಂತೆ ಹಿಡಿಕೆಗಳನ್ನು ಬದಲಿಸಿಕೊಟ್ಟು, ತಮಗೆ ಬರುತ್ತಿದ್ದುದನ್ನೆಲ್ಲ ಕಲಿಸಿದರು. ಅಂದಿನಿಂದ ಅವರ ಬಾಯಲ್ಲಿ ಒಂದು ಮಾತು ಮಾತ್ರ ಪದೇ ಪದೇ ಬರುತ್ತಿತ್ತು: “ಬೆರಳು ಹೋಗೋ ಜಾಗಕ್ಕೆ ಮೊದಲು ಮರ ಹೋಗಲಿ.” ಅದು ಯಾರನ್ನು ಕುರಿತದ್ದು ಎಂದು ನಾವು ಕೇಳಲಿಲ್ಲ. ಗಾಳಾಕ್ಕೆ ಹೋಗುವುದನ್ನೇ ಕಡಿಮೆ ಮಾಡಿದೆವು.

ತಂದೆಯವರು ತೀರಿಕೊಂಡು ಎರಡು ವರ್ಷವಾದ ಮೇಲೆ ಗಾಳಾದ ಜಾಗವನ್ನು ಬಿಟ್ಟುಕೊಡಬೇಕಾಗಿ ಬಂತು. ಗುಜರಿಯವರು ಬಂದು ಕಿಲೋ ಲೆಕ್ಕದಲ್ಲಿ ಬೆಲೆ ಹೇಳಿದರು. ಅಲ್ಲಿಯೇ ಗ್ಯಾಸಿನಿಂದ ಕತ್ತರಿಸಿ ಒಯ್ದರಾಯಿತು, ಸಾಗಿಸುವ ತಾಪತ್ರಯವೇ ಇಲ್ಲ ಎಂದರು. ಅದೇ ವಾರ ಆ ಹುಡುಗನ ಫೋನು ಬಂತು. ಹುಡುಗ ಎನ್ನುವುದು ರೂಢಿ. ವಯಸ್ಸು ಮೂವತ್ತಾರು ದಾಟಿ ವಸಯಿಯಲ್ಲಿ ತನ್ನದೇ ಗಾಳಾ ನಡೆಸುವವನು. “ಸಾಹೇಬ್, ಅಣ್ಣಾ ಅವರ ಮಶೀನನ್ನು ಕತ್ತರಿಸಲು ಕೊಡಬೇಡಿ. ನನಗೆ ಕೊಡಿ. ಆಳುಗಳನ್ನು ಕರೆದುಕೊಂಡು ನಾನೇ ಬರುತ್ತೇನೆ” ಎಂದ. ಯಂತ್ರ ನಿನ್ನದೇ ಎಂದೆವು. ಆದರೆ ಆಳುಗಳು ಬೇಡ, ಗೇಟಿನವರೆಗೆ ನಾವೇ ತಂದಿಡುತ್ತೇವೆ ಎಂದೂ ಹೇಳಿದೆವು. ಅವನು ತುಸು ಹೊತ್ತು ಸುಮ್ಮನಿದ್ದ. “ಜಾಕ್ ಅಲ್ಲೇ ಇದೆ, ನೀಲಿ ಪೆಟ್ಟಿಗೆಯಲ್ಲಿ” ಎಂದಷ್ಟೇ ಹೇಳಿ ಫೋನ್ ಇಟ್ಟ.

ನೀಲಿ ಪೆಟ್ಟಿಗೆಯಲ್ಲಿ ನಾಲ್ಕು ಸ್ಕ್ರೂ ಜಾಕುಗಳಿದ್ದವು. ತಂದೆಯವರು ಆ ಲೇತಿನ ಮೇಲೆಯೇ ಮರೆ ಕೊರೆದು ಮಾಡಿದವು. ಒಂದು ಸುತ್ತಿಗೆ ಕಾಲು ಅಂಗುಲ ಏರುವ ಚೌಕ ಮರೆ. ತಿರುಗಿಸಲು 16 ಅಂಗುಲದ ಹಿಡಿ. ಹಿಡಿಯ ತುದಿ ಒಂದು ಸುತ್ತಿಗೆ ಸುಮಾರು 100 ಅಂಗುಲ ದಾರಿ ಸವೆಸುತ್ತದೆ, ಭಾರ ಮೇಲೇರುವುದು ಕಾಲು ಅಂಗುಲ. ಕಾಗದದ ಮೇಲೆ ಇದು 400 ಪಟ್ಟು ಬಲ. ಘರ್ಷಣೆ ಅದರಲ್ಲಿ ಅರ್ಧಕ್ಕಿಂತ ಹೆಚ್ಚನ್ನು ನುಂಗುತ್ತದೆ. ನಮ್ಮಂಥವರು ಅದನ್ನು ನಷ್ಟವೆಂದು ಬರೆದುಬಿಡುತ್ತೇವೆ. ಆದರೆ ಆ ನುಂಗುವಿಕೆಯೇ ಇಲ್ಲಿ ಕಾವಲು: ಅಷ್ಟು ಘರ್ಷಣೆ ಇರುವುದರಿಂದಲೇ ಕೈ ಬಿಟ್ಟರೂ ಮರೆ ತಾನಾಗಿ ಹಿಂದಕ್ಕೆ ತಿರುಗದು, ಭಾರ ನಿಂತಲ್ಲಿ ನಿಲ್ಲುತ್ತದೆ. ಹಾರೆಗೆ ಆ ಗುಣವಿಲ್ಲ. ಹಾರೆಯನ್ನು ಅದುಮಿದ ಕೈ ಅದುಮಿಯೇ ಇರಬೇಕು. ಮರ ಕೊಡಲು ಇನ್ನೊಂದು ಕೈ ಬೇಕು. ಎರಡರ ನಡುವೆ ಇರುವುದು ಮೂರನೆಯವನ ಕೂಗು ಮಾತ್ರ. 2005ರಲ್ಲಿ ತಪ್ಪಿದ್ದು ಅಲ್ಲಿ. ಜಾಕು ಎತ್ತುವವನೂ ಮರ ಕೊಡುವವನೂ ಒಬ್ಬನೇ ಆದರೆ, ನಡುವೆ ಭಾರ ಹಿಡಿಯುವುದು ಉಕ್ಕಿನ ಮರೆಯಾದರೆ, ಯಾರ ಬೆರಳೂ ಇನ್ನೊಬ್ಬರ ಬಾಯಿಗೆ ಸಿಕ್ಕಿರುವುದಿಲ್ಲ. ಒಬ್ಬರೇ ಮಾಡುವುದೆಂದು ನಾವು ಹಟ ಹಿಡಿದದ್ದು ಧೈರ್ಯದಿಂದಲ್ಲ, ಈ ಲೆಕ್ಕದಿಂದ. ಲೆಕ್ಕದ ಹಿಂದೆ ಇದ್ದದ್ದು ಭಯ.

ಮನೆಯವರು ಒಂದು ಷರತ್ತು ಹಾಕಿದ್ದರು. “ನೀವೊಬ್ಬರೇ ದೂಡಿ, ಬೇಡ ಅನ್ನೋದಿಲ್ಲ. ಆದರೆ ಕೂಗಿದರೆ ಕೇಳಿಸೋ ದೂರದಲ್ಲಿ ಒಬ್ಬರು ಇರಬೇಕು.” ಹೀಗಾಗಿ ಪಕ್ಕದ ಗಾಳಾದಲ್ಲಿ ಬಫಿಂಗ್ ಮಾಡುವ ಚಾಚಾ ತಮ್ಮ ಸ್ಟೂಲನ್ನು ಓಣಿಗೆ ತಂದು ಕೂತರು. ಮುಟ್ಟಕೂಡದು, ನೋಡುತ್ತಿರಬೇಕು ಎಂಬುದು ಒಪ್ಪಂದ. ಕೈಗೆಟುಕುವಷ್ಟು ಬಳಿಯಲ್ಲಿ ಯಾರೂ ಇಲ್ಲದಿರುವುದು, ಕೂಗಳತೆಯಲ್ಲಿ ಒಬ್ಬರು ಇರುವುದು, ಇವೆರಡೂ ಸೇರಿದರೆ ಮಾತ್ರ ಒಬ್ಬರೇ ಮಾಡುವ ಕೆಲಸ ಕ್ಷೇಮವೆಂದು ಈಗ ನಮ್ಮ ಖಚಿತ ಅಭಿಪ್ರಾಯ.

ಮೊದಲ ದಿನದ ಬೆಳಗ್ಗೆ ಭಾರವನ್ನು ಇಳಿಸಿದೆವು. ಮೋಟಾರು, ಚಕ್ಕು, ಟೂಲ್ ಪೋಸ್ಟು, ಬಿಚ್ಚಲು ಬರುವುದೆಲ್ಲ ಬಿಚ್ಚಿ ಪಕ್ಕಕ್ಕೆ. ಲೇತಿನ ತೂಕ ಸಮನಾಗಿ ಹಂಚಿಕೊಂಡಿರುವುದಿಲ್ಲ. ಹೆಡ್‌ಸ್ಟಾಕ್ ಇರುವ ಎಡ ತುದಿಯೇ ಭಾರ, ಅದೂ ಮೇಲ್ಭಾಗದಲ್ಲಿ. ಆದ್ದರಿಂದ ಜಾರುವ ಸ್ಯಾಡಲ್ಲನ್ನೂ ಟೇಲ್‌ಸ್ಟಾಕನ್ನೂ ಬಲ ತುದಿಗೆ ಒಯ್ದು ಬಿಗಿದೆವು. ಕಾಲುಗಳ ಕೆಳಗೆ ಮಟ್ಟ ಹೊಂದಿಸುವ ಪ್ಯಾಡುಗಳಿದ್ದುದರಿಂದ ಕಟ್ಟೆಗೂ ಕಾಲಿಗೂ ನಡುವೆ ಹೆಬ್ಬೆರಳಿಗಿಂತ ತುಸು ಹೆಚ್ಚಿನ ಸಂದಿಯಿತ್ತು. ಅದರಲ್ಲಿ ಗಟ್ಟಿ ಉಕ್ಕಿನ ಪಟ್ಟಿಗಳನ್ನು ಅಡ್ಡಲಾಗಿ ತೂರಿಸಿ, ಕಟ್ಟೆಯ ಆಚೀಚೆ ಚಾಚಿದ ತುದಿಗಳಿಗೆ ಜಾಕು ಕೊಟ್ಟೆವು. ಆ ಕಡೆ ಅರ್ಧ ಸುತ್ತು, ಈ ಕಡೆ ಅರ್ಧ ಸುತ್ತು. ಒಂದು ತುದಿ ಏರುವಾಗ ಇನ್ನೊಂದು ತುದಿ ಮರದ ಮೇಲೆ ಭದ್ರವಾಗಿ ಕೂತಿರಬೇಕು. ಏರಿದಷ್ಟಕ್ಕೂ ಕೂಡಲೇ ಮರದ ತುಂಡು, ಅದೂ ಕೈಯಿಂದಲ್ಲ, ಒಂದು ಕೋಲಿನಿಂದ ದೂಡಿ. ಜಾಕು ಜಾರಿದರೂ ಯಂತ್ರ ಒಂದು ಬೆರಳಿಗಿಂತ ಹೆಚ್ಚು ಕೆಳಗೆ ಬೀಳಬಾರದು. ಸಾಲುಮರದ ಎರಡು ತೊಲೆಗಳನ್ನು ಯಂತ್ರದ ಉದ್ದಕ್ಕೆ ಕಾಲುಗಳ ಕೆಳಗಿಟ್ಟು ಬೋಲ್ಟ್ ಬಿಗಿದೆವು. ಯಂತ್ರದ ಪಾದಕ್ಕಿಂತ ಅಗಲವಾಗಿ ನಿಲ್ಲುವಂತೆ ತೊಲೆಗಳಿಗೆ ಅಡ್ಡಪಟ್ಟಿಯನ್ನೂ ಕೊಟ್ಟದ್ದಾಯಿತು. ತೊಲೆಗಳ ಕೆಳಗೆ ಕಬ್ಬಿಣದ ಪೈಪಿನ ತುಂಡುಗಳನ್ನು ಹಾಕಿ, ಕಟ್ಟೆಯ ಪಕ್ಕದಲ್ಲಿ ಅಷ್ಟೇ ಎತ್ತರಕ್ಕೆ ಮರದ ತುಂಡುಗಳನ್ನು ಅಡ್ಡಡ್ಡ ಪೇರಿಸಿ ಕಟ್ಟಿದ ಒಟ್ಟಿಲಿನ ಮೇಲಕ್ಕೆ ಉರುಳಿಸಿದೆವು. ಅಲ್ಲಿಂದ ನೆಲಕ್ಕೆ ಇಳಿಸುವುದು ಏರಿಸಿದ್ದರ ತಿರುವುಮುರುವು. ಮುಕ್ಕಾಲು ಅಂಗುಲದ ಹಲಗೆ ಒಂದು ತೆಗೆಯುವುದು, ಮೂರು ಸುತ್ತು ಇಳಿಸುವುದು, ಇನ್ನೊಂದು ತುದಿಗೆ ಹೋಗುವುದು. 9 ಅಂಗುಲಕ್ಕೆ ಎರಡೂ ತುದಿ ಸೇರಿ 24 ಸಲ. ಕತ್ತಲಾಗುವ ಹೊತ್ತಿಗೆ ಯಂತ್ರ ನೆಲ ಮುಟ್ಟಿತು. ಆ ದಿನವೆಲ್ಲ ನಾವು ಅದನ್ನು ಸರಿಸಿದ ದೂರ ಆರು ಅಡಿ.

ಕಚೇರಿಯ ಕಡತವೂ ಹೀಗೆಯೇ ಚಲಿಸುತ್ತದೆಂದು ಓದುಗರು ನಗಬಹುದು. ಆದರೆ ಕಡತ ನಿಧಾನವಾಗುವುದು ಯಾರೂ ಹೊಣೆ ಹೊರದೆ. ಇಲ್ಲಿ ನಿಧಾನವಾದದ್ದು ಹೊರುವವರು ಒಬ್ಬರೇ ಎಂದು.

ಎರಡನೆಯ ದಿನ ಓಣಿ. ಪೈಪುಗಳ ಮೇಲೆ ಉರುಳುವ ಭಾರದ ಸ್ವಭಾವವನ್ನು ನಾವು ಅಂದೇ ಮೊದಲು ಕಣ್ಣಾರೆ ಕಂಡೆವು. ಪೈಪು ಒಂದು ಅಡಿ ಮುಂದೆ ಉರುಳಿದರೆ ಮೇಲಿನ ಯಂತ್ರ ಎರಡು ಅಡಿ ಮುಂದೆ ಹೋಗುತ್ತದೆ. ಹಾಗಾಗಿ ಪೈಪುಗಳು ಒಂದೊಂದಾಗಿ ಹಿಂದೆ ಬಿದ್ದು ಹೊರಬರುತ್ತವೆ. ಅವನ್ನು ಎತ್ತಿ ತಂದು ಮುಂದೆ ಇಡಬೇಕು. ಇಡುವಾಗ ಪೈಪಿನ ನಡುಭಾಗವನ್ನು ಹಿಡಿಯಬಾರದು, ಹೊರಚಾಚಿದ ತುದಿಯನ್ನೇ ಹಿಡಿಯಬೇಕು. ತಿರುಗಿಸಬೇಕೆಂದರೆ ಮುಂದಿನ ಪೈಪನ್ನು ಓರೆಯಾಗಿ ಇಟ್ಟರೆ ಸಾಕು, ಯಂತ್ರ ಅತ್ತ ಹೊರಳುತ್ತದೆ. ಹಿಂದಿನಿಂದ ಹಾರೆಯ ತುದಿ ಕೊಟ್ಟು ಒಂದು ಮೀಟು ಮೀಟಿದರೆ ನಾಲ್ಕು ಜನ ಎತ್ತಲಾರದ ಕಬ್ಬಿಣ ಅಂಗೈಯಗಲ ಮುಂದೆ ಹೋಗುತ್ತದೆ. ನಮ್ಮ ಊರಿನ ತೇರು ನೆನಪಾಯಿತು. ಸಾವಿರ ಜನ ಹಗ್ಗ ಎಳೆಯುತ್ತಾರೆ. ತೇರನ್ನು ದಾರಿಯಲ್ಲಿ ಇಡುವವರು ಮಾತ್ರ ಗಾಲಿಯ ಬಳಿ ಸನ್ನೆ ಹಾಕುವ ನಾಲ್ಕಾರು ಜನ.

ಹತ್ತು ಗಂಟೆಗೆ ಚಹಾ ಕುಡಿದು ಮತ್ತೆ ಒಂದು ಮೀಟು ಹಾಕಿದೆವು. ಯಂತ್ರ ಅಂಗೈಯಗಲ ಸರಿಯಿತು. ನಾವು ಹಾರೆ ತೆಗೆದೆವು. ಅದು ನಿಲ್ಲಲಿಲ್ಲ. ಯಾರೂ ಮುಟ್ಟದೆ ಇನ್ನೊಂದು ಅಂಗೈ, ಮತ್ತೊಂದು. ಓಣಿಯ ನೆಲ ಗಟಾರದ ಕಡೆಗೆ ಇಳಿಜಾರಾಗಿತ್ತು. ನಲವತ್ತು ವರ್ಷ ಓಡಾಡಿದ ಕಾಲಿಗೆ ತಿಳಿಯದ ಇಳಿಜಾರು ಪೈಪಿಗೆ ತಿಳಿಯಿತು. ನಾವು ಮುಂದಕ್ಕೆ ಹಾರಿ ಎರಡೂ ಕೈಗಳನ್ನು ಯಂತ್ರಕ್ಕೆ ಕೊಟ್ಟೆವು. ಕೈ ಜಾರಿ ಬೀಳುವ ಲೋಟವನ್ನು ಹಿಡಿಯುವಂತೆ, ಯೋಚಿಸದೆ. “ಛೋಡ್ ದೋ ಬೇಟಾ! ಹಟೋ!” ಎಂದು ಚಾಚಾ ಕಿರುಚಿದರು. ಬಿಟ್ಟು ಪಕ್ಕಕ್ಕೆ ಸರಿದೆವು. ಮುಂದೆ ಬೆಳಗ್ಗೆಯೇ ಇಟ್ಟಿದ್ದ ಮರದ ಬೆಣೆಗೆ ತೊಲೆ ತಾಗಿ, ಯಂತ್ರ ಒಮ್ಮೆ ತಲೆಯಾಡಿಸಿ ನಿಂತಿತು.

ಚಾಚಾ ಸ್ಟೂಲಿನಿಂದ ಎದ್ದಿರಲಿಲ್ಲ. ಮುಟ್ಟಕೂಡದೆಂಬ ಒಪ್ಪಂದವನ್ನು ಅವರು ಉಳಿಸಿಕೊಂಡಿದ್ದರು. ನಮ್ಮ ಕೈ ಮಾತ್ರ ಬಹಳ ಹೊತ್ತು ನಡುಗುತ್ತಿತ್ತು. ಲೆಕ್ಕ ಹಾಕಿದರೆ, 20 ಅಡಿಗೆ ಒಂದು ಅಡಿ ಇಳಿಯುವ ನೆಲದಲ್ಲಿ 900 ಕಿಲೋದ ಯಂತ್ರ ಕೆಳಮುಖವಾಗಿ ಒತ್ತುವುದು 45 ಕಿಲೋದಷ್ಟು. ನಿಂತಿರುವಾಗ ಅದನ್ನು ತಡೆಯಬಹುದು. ಹೊರಟ ಮೇಲೆ ಆಗದು. ಬೀಳುವುದನ್ನು ಹಿಡಿಯಬಾರದು, ಬೀಳಲು ಬಿಟ್ಟು ದೂರ ಸರಿಯಬೇಕು. ಮನುಷ್ಯನ ಮೈ ಇದನ್ನು ತಾನಾಗಿ ಕಲಿಯುವುದಿಲ್ಲ, ಇನ್ನೊಬ್ಬರು ಕೂಗಿ ಹೇಳಬೇಕಾಗುತ್ತದೆ. ಇಪ್ಪತ್ತು ವರ್ಷಗಳ ಹಿಂದೆ ಅದೇ ‘ಛೋಡೋ’ ಎಂಬ ಪದ ನಮ್ಮ ಬಾಯಿಂದ ಬಂದು ಒಬ್ಬನ ಬೆರಳು ತೆಗೆದಿತ್ತು. ಈ ದಿನ ಚಾಚಾ ಬಾಯಿಂದ ಬಂದು ನಮ್ಮ ಕೈಯನ್ನು ಉಳಿಸಿತು. ಪದದಲ್ಲಿ ದೋಷವಿರಲಿಲ್ಲ. ಚಾಚಾ ನಮ್ಮ ಕೈಯನ್ನು ನೋಡುತ್ತ ಕೂಗಿದರು. ನಾವು ಅಂದು ಮರವನ್ನು ನೋಡಿ ಕೂಗಿದ್ದೆವು.

ಮಧ್ಯಾಹ್ನ ಬಾಡಿಗೆಗೆ ಚೈನ್ ಕುಪ್ಪಿ ತಂದು, ಹಿಂದಿನ ಉಕ್ಕಿನ ಕಂಬಕ್ಕೆ ಸಿಕ್ಕಿಸಿ, ಯಂತ್ರದ ತೊಲೆಗೆ ಕೊಂಡಿ ಹಾಕಿ, ಒಂದೊಂದೇ ಕೊಂಡಿಯಷ್ಟು ಬಿಡುತ್ತ ಇಳಿಸಿದೆವು. ಆ ಮೇಲೆ ಯಂತ್ರದ ಕೆಳಬದಿಯಲ್ಲಿ ನಾವು ಒಮ್ಮೆಯೂ ನಿಲ್ಲಲಿಲ್ಲ. ಸಂಜೆ ಏಳಕ್ಕೆ ಹರಿಹರ ಗೇಟಿನ ಒಳಗೆ ನಿಂತಿದ್ದ.

ಕನ್ನಡದಲ್ಲಿ ಸನ್ನೆ ಎಂಬ ಪದಕ್ಕೆ ಎರಡು ಅರ್ಥ. ಭಾರ ಮೀಟುವ ಕೋಲು ಒಂದು. ಕೈಯಿಂದಲೋ ಕಣ್ಣಿಂದಲೋ ಕೊಡುವ ಸೂಚನೆ ಇನ್ನೊಂದು. ಇಂಗ್ಲಿಷಿನಲ್ಲಿ ಇವೆರಡಕ್ಕೂ ಬೇರೆ ಬೇರೆ ಪದಗಳಿವೆ. ಎರಡೂ ಒಂದೇ ಮೂಲದವೋ ಅಲ್ಲವೋ, ಆ ರಾತ್ರಿ ನಮಗೆ ಎರಡೂ ಒಂದೇ ಎನಿಸಿತು. ಒಂದಿಷ್ಟು ಅಲುಗಿದರೆ ಅದರ ಇನ್ನೊಂದು ತುದಿಯಲ್ಲಿ ಎಷ್ಟೋ ಪಟ್ಟು ಭಾರ ಏಳುತ್ತದೆ, ಇಲ್ಲವೇ ಬೀಳುತ್ತದೆ.

ಮೂರನೆಯ ದಿನ ವಸಯಿಯಿಂದ ಅವನು ಟೆಂಪೋ ತಂದ. ಹೈಡ್ರಾ ಕ್ರೇನೂ ಬಂತು. ಟೆಂಪೋದ ಎತ್ತರಕ್ಕೆ ಏರಿಸುವುದು ಒಬ್ಬರ ಕೆಲಸವಲ್ಲ. ಜಾಕಿನ ಲೆಕ್ಕ ಅಲ್ಲಿಗೆ ಮುಗಿಯುತ್ತದೆ. ಬೆಲ್ಟು ಸುತ್ತುವಾಗ ಅವನೇ ನಿಂತು, ಲೀಡ್‌ಸ್ಕ್ರೂ ಬಾಗದಂತೆ ನಡುವೆ ಮರ ಕೊಟ್ಟ. ಅವನ ಎಡಗೈಯನ್ನು ನಾವು ನೋಡದಿರಲು ಪ್ರಯತ್ನಿಸಿದ್ದು ಅವನಿಗೆ ತಿಳಿಯಿತೆಂದು ತೋರುತ್ತದೆ. “ತೊಲೆಗೆ ಬೋಲ್ಟ್ ಚೆನ್ನಾಗಿ ಬಿಗಿದಿದ್ದೀರಿ ಸಾಹೇಬ್” ಎಂದ. ಆಮೇಲೆ, “ಕ್ರೇನಿನವನಿಗೆ ಒಬ್ಬರೇ ಸನ್ನೆ ಕೊಡಬೇಕು. ನೀವು ಕೊಡಿ” ಎಂದ.

ಬೇಡ, ನೀನೇ ಕೊಡು ಎಂದೆವು.

“ನಾನು ಬೆಲ್ಟಿನ ಹತ್ತಿರ ಇರಬೇಕು. ನನ್ನ ಕೈ ಎಲ್ಲಿದೆ ಅನ್ನೋದು ನನಗಿಂತ ನಿಮಗೆ ಚೆನ್ನಾಗಿ ಕಾಣಿಸುತ್ತೆ” ಎಂದು ಅವನು ಬೆಲ್ಟಿನ ಕಡೆಗೆ ನಡೆದ.

ನಾವು ಎಲ್ಲರ ಕೈಗಳೂ ಕಾಣುವ ಜಾಗಕ್ಕೆ ಸರಿದು ನಿಂತೆವು. ಅವನ ಎರಡು ಕೈ, ಟೆಂಪೋದವನ ಎರಡು ಕೈ. ನಾಲ್ಕೂ ಬೆಲ್ಟಿನಿಂದ ಹೊರಬಂದದ್ದನ್ನು ನೋಡಿ ಅಂಗೈ ಮೇಲೆತ್ತಿದೆವು. ಯಂತ್ರ ಎರಡು ಅಂಗುಲ ಎದ್ದು ಎಡಕ್ಕೆ ವಾಲಿತು. ಮುಷ್ಟಿ ಕಟ್ಟಿದೆವು; ಕ್ರೇನು ನಿಂತಿತು. ಇಳಿಸಿ, ಅವನು ಬೆಲ್ಟನ್ನು ಒಂದು ಗೇಣು ಎಡಕ್ಕೆ ಸರಿಸಿದ. ಮತ್ತೆ ನಾಲ್ಕು ಕೈಗಳನ್ನು ಎಣಿಸಿದೆವು. ಮತ್ತೆ ಅಂಗೈ. ಈ ಸಲ ಹರಿಹರ ಮಟ್ಟಸವಾಗಿ ಎದ್ದ. ಕೆಳಗೆ ಯಾರೂ ಇರಲಿಲ್ಲ.

ಕಳೆದ ತಿಂಗಳು ವಸಯಿಗೆ ಹೋಗಿದ್ದೆವು. ಯಂತ್ರವನ್ನು ಮಟ್ಟ ಹಿಡಿದು ಕೂರಿಸಿ, ಬೆಡ್ಡಿಗೆ ಎಣ್ಣೆ ಹಚ್ಚಿ ಕೆಲಸಕ್ಕೆ ಹಾಕಿದ್ದಾನೆ. ಬಣ್ಣ ಹಚ್ಚುವಾಗ ಊರಿನ ಹೆಸರಿರುವ ಜಾಗವನ್ನು ಬಿಟ್ಟಿದ್ದ. ಹತ್ತಿರದಲ್ಲಿ ಹೊಸದಾಗಿ ಸೇರಿದ ಹುಡುಗನೊಬ್ಬ ಭಾರದ ಎರಕವೊಂದನ್ನು ಮರದ ಮೇಲೆ ಇಳಿಸುತ್ತಿದ್ದ. ಗಾಳಾದ ಒಡೆಯ ಮಾತನ್ನು ಅರ್ಧಕ್ಕೆ ನಿಲ್ಲಿಸಿ ಆ ಕಡೆ ತಿರುಗಿ, ನಮ್ಮ ತಂದೆಯವರ ಆ ಮಾತನ್ನು ಹಿಂದಿಯಲ್ಲಿ ಹೇಳಿದ. ಹುಡುಗ ಕೈ ಹಿಂದಕ್ಕೆ ತೆಗೆದುಕೊಂಡು ಮರದ ತುಂಡನ್ನು ಕೋಲಿನಿಂದ ದೂಡಿದ.